ಮೈನಸ್ ಎಂಬತ್ತರಲ್ಲಿ ಮನೆಯವರು

ಫೆಬ್ರವರಿ ೪, ಮಂಗಳವಾರ

ಹಾಗಲ್ಲ, ನಿನ್ನೆ ಬರೆದದ್ದು ಅವಳಿಗೆ ಪೂರ್ತಿ ನ್ಯಾಯವಲ್ಲ. ವೈರಸ್ಸುಗಳಿಗೆ ಕೊಟ್ಟ ಸಮಯದ ಅರ್ಧವನ್ನೂ ನನಗೆ ಕೊಡಲಿಲ್ಲ ಎಂದು ಬರೆದುಬಿಟ್ಟೆ. ಅರ್ಧ ಕೊಟ್ಟಿದ್ದಾಳೆ. ಟು ಬಿ ಎಕ್ಸಾಕ್ಟ್, ಅರ್ಧಕ್ಕೆ ತುಸು ಕಡಿಮೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಅಂಗಡಿಯವರ ತಕ್ಕಡಿಗಳಿಗೆ ಮುದ್ರೆ ಒತ್ತುತ್ತ ಜೀವ ಸವೆಸಿದವನು ನಾನು. ಸ್ವಂತ ಹೆಂಡತಿಯ ಲೆಕ್ಕದಲ್ಲಿ ಬೆರಳು ತೂರಿಸಬಾರದು.

ಅವಳು ಹೋಗಿ ವರ್ಷವಾಗುತ್ತ ಬಂತು. ಪಶ್ಚಿಮದ ಕಿಟಕಿಯ ಪಕ್ಕ ಅವಳ ಕುರ್ಚಿ ಹಾಗೇ ಇದೆ. ಅದರಲ್ಲಿ ನಾನು ಕೂರುವುದಿಲ್ಲ, ಬೇರೆಯವರು ಕೂರಲೂ ಬಿಡುವುದಿಲ್ಲ. ಮಗಳು "ಅಪ್ಪ, ಇದನ್ನ ಒಳಗಾದ್ರೂ ಇಡೋಣ" ಎಂದಾಗ ಕಿವಿ ಕೇಳದವನ ಹಾಗೆ ಟೀ ಕುಡಿಯುತ್ತೇನೆ. ಊಟ ಅಡುಗೆಮನೆಯಲ್ಲಿ ನಿಂತುಕೊಂಡೇ ಆಗುತ್ತದೆ. ಒಬ್ಬನಿಗಾಗಿ ಮೇಜು ಒರೆಸುವುದು ಯಾರು?

ಜನ ಅವಳನ್ನು ದೊಡ್ಡ ವೈರಸ್ ವಿಜ್ಞಾನಿ ಎನ್ನುತ್ತಾರೆ. ಎಲ್ಲಾದರೂ ಹೆಸರಿಲ್ಲದ ಜ್ವರ ಎದ್ದರೆ ಮೊದಲ ಫೋನು ನಮ್ಮ ಮನೆಗೆ. ಬಾವಲಿಯಿಂದ ಬಂತೋ, ಹಂದಿಯಿಂದ ಬಂತೋ, ಸೊಳ್ಳೆಯ ಕೆಲಸವೋ ಎಂದು ನೋಡಲು ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಿದ್ದಳು. ಆದರೆ ಅವಳ ಮೊದಲ ಪ್ರೀತಿ ರೆಟ್ರೊವೈರಸ್ಸು. ಎರಡನೆಯದು ನಾನು ಎಂದುಕೊಂಡಿದ್ದೇನೆ. ಮಗಳು ಮೂರನೆಯದು ಅನ್ನುತ್ತಾಳೆ. ಮದುವೆಯಾದ ಹೊಸದರಲ್ಲಿ ಅದೇನು ಅಂಥ ವಿಶೇಷ ಎಂದು ಕೇಳಿದ್ದೆ.

"ಬೇರೆ ವೈರಸ್ಸು ಬಾಡಿಗೆಗೆ ಬರುತ್ತೆ ಕಣ್ರೀ. ಗಲಾಟೆ ಮಾಡುತ್ತೆ, ಹೋಗುತ್ತೆ. ಇದು ಹಾಗಲ್ಲ. ಮೈಯೊಳಗೆ ಬಂದು ಮನೆಪತ್ರದಲ್ಲೇ ತನ್ನ ಹೆಸರು ಸೇರಿಸಿಬಿಡುತ್ತೆ. ಆಮೇಲೆ ಯಾರು ಯಜಮಾನ, ಯಾರು ಬಾಡಿಗೆಯವನು ಅಂತ ನಮ್ಮ ಜೀವಕೋಶಕ್ಕೂ ಗೊತ್ತಾಗಲ್ಲ."

"ಅಳಿಯ ಮನೆಯಳಿಯ ಆದ ಹಾಗೆ" ಎಂದೆ. ಎರಡು ದಿನ ನೆನೆಸಿಕೊಂಡು ನಕ್ಕಿದ್ದಳು.

ಇಷ್ಟೆಲ್ಲ ಈಗ ಯಾಕೆ ಅಂದರೆ, ಬೆಳಿಗ್ಗೆ "ಗಡಿಬಿಡಿ" ಫೋನು ಮಾಡಿದ್ದಳು. ನನ್ನವಳ ಮೊದಲ ಶಿಷ್ಯೆ. ಸೇರಿದ ವಾರವೇ ಒಂದು ತಟ್ಟೆ ಟ್ಯೂಬುಗಳನ್ನು ನೆಲಕ್ಕೆ ಬೀಳಿಸಿದ್ದಕ್ಕೆ ನನ್ನ ಹೆಂಡತಿ ಇಟ್ಟ ಅಡ್ಡಹೆಸರು ಇದು. ಈಗ ಅವಳೇ ವಿಭಾಗದ ಮುಖ್ಯಸ್ಥೆ, ತಲೆ ಅರ್ಧ ಬಿಳಿ. ಹೆಸರು ಮಾತ್ರ ಹೋಗಿಲ್ಲ.

"ಸಾರ್, ಹಳೇ ಕಟ್ಟಡ ಖಾಲಿ ಮಾಡ್ತಿದ್ದಾರೆ. ತಿಂಗಳ ಕೊನೇಗೆ ಮೇಡಂ ಫ್ರೀಜರ್ ಆಫ್. ಅಷ್ಟರೊಳಗೆ ನೀವೊಂದ್ಸಲ ಬರಬೇಕು."

"ನಾನ್ಯಾಕಮ್ಮ? ಐಸ್ ಒಡೆಯೋಕಾ?"

"ಬನ್ನಿ ಸಾರ್. ಫೋನಲ್ಲಿ ಬೇಡ."

ಆ ಹಾಳು ಫ್ರೀಜರಿಗೂ ನನಗೂ ಏನು ಸಂಬಂಧ?

ಫೆಬ್ರವರಿ ೭, ಶುಕ್ರವಾರ

ಹೋಗಿ ಬಂದೆ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು.

ಅವರ ಲ್ಯಾಬಿನ ಕಾರಿಡಾರಿನಲ್ಲಿ ಪೆಟ್ಟಿಗೆ, ಮುರಿದ ಸ್ಟೂಲು, ಬಾಗಿಲು ಕಳಚಿದ ಬೀರು. ಕೊನೆಯ ಕೋಣೆಯಲ್ಲಿ ಆ ಫ್ರೀಜರು. ಬೀರುವಿನಷ್ಟು ಎತ್ತರ, ಮುದಿ ಬೆಕ್ಕಿನ ಹಾಗೆ ಗುರುಗುಟ್ಟುತ್ತ ನಿಂತಿದೆ. ಬಾಗಿಲ ಮೇಲೆ ಕೆಂಪು ಅಂಕಿ: ಮೈನಸ್ ಎಂಬತ್ತು. ಗಡಿಬಿಡಿ ದಪ್ಪ ಕೈಗವಸು ಹಾಕಿ ಬಾಗಿಲು ಎಳೆದಳು. ಬಿಳಿ ಹಬೆ ಕಾಲ ಮೇಲೆ ಸುರಿಯಿತು, ಹಾಲು ಉಕ್ಕಿ ಒಲೆಯಿಂದಿಳಿದ ಹಾಗೆ. ಅವಳು ಒಂದು ಡಬ್ಬಿ ತೆಗೆದು ಹಿಮ ಒರೆಸಿ ನನ್ನ ಮುಂದೆ ಹಿಡಿದಳು.

ಕಿರುಬೆರಳಿನಷ್ಟು ಟ್ಯೂಬುಗಳು. ಮೊದಲನೆಯದರ ಮೇಲೆ ನನ್ನ ಹೆಂಡತಿಯ ಕೈಬರಹದಲ್ಲಿ "ಅತ್ತೆ" ಎಂದಿತ್ತು.

ನನ್ನ ಅಮ್ಮ.

ಅಮ್ಮ ಮಣ್ಣಾಗಿ ಮೂವತ್ತು ವರ್ಷದ ಮೇಲಾಯಿತು. ಕೊನೆಯ ನಾಲ್ಕೈದು ವರ್ಷ ಅವಳ ಕಾಲುಗಳಲ್ಲಿ ಶಕ್ತಿ ಇಂಗುತ್ತ ಇಂಗುತ್ತ ಹೋಯಿತು. ಡಾಕ್ಟರುಗಳು ಸುತ್ತಿಗೆಯಲ್ಲಿ ಮೊಣಕಾಲು ಕುಟ್ಟಿ ನೋಡಿ "ವಯಸ್ಸಾಯ್ತು" ಎಂದರು. ಬೆಳಿಗ್ಗೆ ಎದ್ದು ಸೊಸೆಯನ್ನು ಕೂಗುತ್ತಿದ್ದಳು: "ನನ್ನ ಕಾಲು ಎಲ್ಲಿಟ್ಟಿದ್ದೀಯ, ಹುಡುಕಿಕೊಡೇ." ಅವಳನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಆಮೇಲೆ ಲ್ಯಾಬಿಗೆ ಓಡುತ್ತಿದ್ದವಳು ನನ್ನ ಹೆಂಡತಿ. "ಅತ್ತೆ, ವಯಸ್ಸಲ್ಲ ಇದು. ಯಾಕೆ ಅಂತ ಹುಡುಕೇ ಹುಡುಕ್ತೀನಿ" ಎಂದು ಮಾತು ಕೊಟ್ಟಿದ್ದಳು. ಯಾವುದೋ ರೆಟ್ರೊವೈರಸ್ಸು ಇರಬೇಕು ಎಂದು ಅವಳ ಗುಮಾನಿ. ಅದೇ ಅವಳ ಮೊದಲ ಸಂಶೋಧನೆ. ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದೇ ಪ್ರಕಟಿಸಿದಳು. ಆಮೇಲೆ ಜಗತ್ತಿನ ಜ್ವರಗಳು ಅವಳನ್ನು ಕರೆದುಕೊಂಡು ಹೋದವು.

ಅಮ್ಮನ ಪಕ್ಕದಲ್ಲಿ ಟ್ಯೂಬುಗಳ ಒಂದು ಉದ್ದ ಸಾಲು. ಪ್ರತಿಯೊಂದರ ಮೇಲೂ ಒಂದೇ ಪದ, ಕೆಳಗೆ ಬೇರೆಬೇರೆ ಇಸವಿ. "ಮನೆಯವರು."

"ಸಾರ್, ಇದು ನೀವೇ ತಾನೆ?"

"ಮತ್ಯಾರು? ಅವಳಿಗೇನು ಇನ್ನೊಂದು ಮನೆ ಇತ್ತಾ?"

ಹುಟ್ಟುಹಬ್ಬದ ದಿನ ಬೆಳಿಗ್ಗೆ ನನಗೆ ಸಿಗುತ್ತಿದ್ದ ಉಡುಗೊರೆ ಅದು: ತೋಳಿಗೆ ಒಂದು ಸೂಜಿ. ಪರೀಕ್ಷೆಗೆ ರೋಗಿಯ ರಕ್ತ ಇದ್ದರೆ ಸಾಲದಂತೆ, ಹೋಲಿಸಿ ನೋಡಲು ರೋಗವಿಲ್ಲದವನದೂ ಬೇಕಂತೆ. ಶುರುವಿನಲ್ಲಿ ಲ್ಯಾಬಿನಲ್ಲಿ ಇದ್ದವರೇ ಇಬ್ಬರು. ರೋಗವಿಲ್ಲದವನೆಂದರೆ ಮನೆಯಲ್ಲಿ ಪುಕ್ಕಟೆ ಸಿಗುವ ಗಂಡ. ಆಮೇಲೆ ಅದೊಂದು ಅಭ್ಯಾಸವಾಗಿ ಉಳಿಯಿತು. "ಇದು ನೀವು ನನಗೆ ಕಟ್ಟೋ ಕಂದಾಯ" ಅನ್ನುತ್ತಿದ್ದಳು.

ಗಡಿಬಿಡಿ ಇವತ್ತೂ ನನ್ನ ತೋಳಿನಿಂದ ಒಂದು ಟ್ಯೂಬು ರಕ್ತ ತೆಗೆದುಕೊಂಡಳು. ಯಾಕೆ ಎಂದರೆ "ಒಂದ್ಸಲ ಮತ್ತೆ ನೋಡಬೇಕು ಸಾರ್" ಅಷ್ಟೇ. ಮುಖ ನೋಡಿ ಮಾತಾಡಲಿಲ್ಲ. ಅವಳ ಕೈ ಅಲುಗದೆ ನಿಂತದ್ದನ್ನು ನಾನು ಇದೇ ಮೊದಲು ಕಂಡದ್ದು.

ಫೆಬ್ರವರಿ ೧೨, ಬುಧವಾರ

ಅಡುಗೆಮನೆಯ ಬಲ್ಬು ಹೋಯಿತು. ಸ್ಟೂಲು ಹತ್ತಿ ಬದಲಾಯಿಸಿದೆ. ಬೇರೇನಿಲ್ಲ.

ಫೆಬ್ರವರಿ ೧೫, ಶನಿವಾರ

ಗಡಿಬಿಡಿ ಮನೆಗೇ ಬಂದಿದ್ದಳು. ಬಂದವಳು ನೇರ ಹೋಗಿ ಆ ಕುರ್ಚಿಯಲ್ಲಿ ಕುಳಿತಳು. ಏಳಮ್ಮ ಎನ್ನಲು ಬಾಯಿ ಬರಲಿಲ್ಲ. ಚೀಲದಿಂದ ಒಂದು ಹಳೆಯ ಎಕ್ಸ್‌ರೇ ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

"ಆಗೆಲ್ಲ ರಕ್ತ ಪರೀಕ್ಷೆಯ ಫಲಿತಾಂಶ ಇಂಥ ಫಿಲ್ಮ್ ಮೇಲೇ ಮೂಡಿಸ್ತಿದ್ರು. ಇದು ಮೇಡಂ ಮಾಡಿದ ಮೊದಲ ಪರೀಕ್ಷೆ. ಎಡಗಡೆ ನಿಮ್ಮ ತಾಯಿಯವರ ರಕ್ತ, ಬಲಗಡೆ ನಿಮ್ಮದು. ವೈರಸ್ಸಿದ್ರೆ ರೋಗಿ ಕಡೆ ಒಂದು ಗೆರೆ ಬರಬೇಕು. ಆರೋಗ್ಯವಂತರ ಕಡೆ ಖಾಲಿ ಇರಬೇಕು. ಏನು ಕಾಣುತ್ತೆ ಹೇಳಿ."

ಕನ್ನಡಕ ಹಾಕಿ ನೋಡಿದೆ. ಉಸಿರಾಡಿದರೆ ಅಳಿಸಿಹೋದೀತು ಅನ್ನುವಂಥ ಬೂದು ಗೆರೆ. "ಇದೆಯಲ್ಲ. ಎರಡೂ ಕಡೆ ಇದೆ."

"ಅಲ್ಲೇ ಸಾರ್ ಎಡವಿದ್ದು. ಎರಡೂ ಕಡೆ ಇದೆ ಅಂದ್ರೆ ಅದು ರೋಗದ್ದಲ್ಲ ಅಂತ ಮೇಡಂ ತಿಳ್ಕೊಂಡ್ರು. ಅದು ತಪ್ಪು ತರ್ಕ ಅಲ್ಲ. ನಮ್ಮೆಲ್ಲರ ಮೈಯಲ್ಲೂ ಹಳೇ ರೆಟ್ರೊವೈರಸ್ಸುಗಳ ಪಳೆಯುಳಿಕೆ ಇದೆ. ಲಕ್ಷಗಟ್ಟಲೆ ವರ್ಷದ ಹಿಂದೆ ನಮ್ಮ ಪೂರ್ವಜರಿಗೆ ಅಂಟಿ, ಅಲ್ಲೇ ಉಳಿದು, ತಂದೆತಾಯಿಯಿಂದ ಮಕ್ಕಳಿಗೆ ಬರ್ತಾ ಇವೆ. ನಮ್ಮ ಜೀವಕೋಶದ ಬರಹದಲ್ಲಿ, ಅಂದ್ರೆ ಡಿಎನ್‌ಎಯಲ್ಲಿ, ನೂರಕ್ಕೆ ಎಂಟು ಪಾಲು ಅವೇ. ಈ ಗೆರೆ ಅಂಥ ಹಳೇ ಸಾಮಾನು ಅಂದ್ಕೊಂಡ್ರು."

"ಅಲ್ಲವಾ?"

"ಅಲ್ಲ." ಅವಳು ಫಿಲ್ಮು ಕೆಳಗಿಟ್ಟಳು. "ಈಗಿನ ಯಂತ್ರ ಅಕ್ಷರ ಅಕ್ಷರ ಓದುತ್ತೆ. ಫ್ರೀಜರ್ ಖಾಲಿ ಮಾಡೋ ಮೊದಲು ಎಲ್ಲಾನೂ ಒಂದ್ಸಲ ಓದಿಸೋಣ ಅಂದ್ಕೊಂಡೆ. ಇದು ಹಳೇದಲ್ಲ ಸಾರ್. ಜೀವಂತ ವೈರಸ್ಸು. ಯಾರೂ ಇನ್ನೂ ಹೆಸರಿಡದೇ ಇರೋದು. ನಿಮ್ಮ ತಾಯಿಯವರಲ್ಲಿದೆ. ಆಮೇಲೆ ಇದೇ ಥರ ಕಾಲು ಸೋತು ಬಂದ ರೋಗಿಗಳ ರಕ್ತವೂ ಫ್ರೀಜರಲ್ಲಿತ್ತು, ಅವರಲ್ಲಿ ಎಷ್ಟೋ ಜನರಲ್ಲಿದೆ. ಬೇರೆ ಆರೋಗ್ಯವಂತರನ್ನ ನೋಡಿದೆ, ಒಬ್ಬರಲ್ಲೂ ಇಲ್ಲ. ನಿಮ್ಮಲ್ಲಿದೆ. ಎಲ್ಲಾ ಹುಟ್ಟುಹಬ್ಬದಲ್ಲೂ ಇದೆ. ಮೊನ್ನೆ ತಗೊಂಡಿದ್ರಲ್ಲೂ ಇದೆ."

ಕನ್ನಡಕ ತೆಗೆದು ಒರೆಸಿದೆ.

"ಮೇಡಂ ಮೊದಲ ಸಲಕ್ಕೇ ಕಂಡುಹಿಡಿದಿದ್ರು ಸಾರ್. ನೀವು ಅಡ್ಡ ಬಂದ್ರಿ." ನಗಲು ಹೋದಳು, ಅರ್ಧಕ್ಕೇ ಅದು ಅಳುವಾಯಿತು.

ನೀರು ತಂದುಕೊಟ್ಟೆ. ಅಮ್ಮ ನನಗೆ ಹಾಲಿನ ಜೊತೆಯಲ್ಲೇ ಇದನ್ನೂ ಕುಡಿಸಿರಬೇಕಂತೆ; ಇದೇ ವಂಶದ ಇನ್ನೊಂದು ವೈರಸ್ಸು ಹಾಗೇ ಹರಡುತ್ತದಂತೆ. ಇದ್ದವರಿಗೆಲ್ಲ ರೋಗ ಬರುವುದಿಲ್ಲ, ನೂರರಲ್ಲಿ ಕೆಲವರಿಗೆ ಮಾತ್ರ, ಅದೂ ತಡವಾಗಿ. ಅಮ್ಮನನ್ನು ಅವಳ ಮಗನ ಜೊತೆಗೇ ಹೋಲಿಸಿ ನೋಡಿದ್ದಾಳೆ ನನ್ನ ಹೆಂಡತಿ. ಒಂದೇ ಮನೆ, ಒಂದೇ ನೀರು, ಒಂದೇ ಊಟ, ಆದ್ದರಿಂದ ಸರಿಯಾದ ಜೋಡಿ ಎಂದು.

ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ಐರನಿ. ಕಾಲೇಜಿನ ಮೇಷ್ಟ್ರು ಮೂರು ಉದಾಹರಣೆ ಕೊಟ್ಟಿದ್ದರು, ಒಂದೂ ನೆನಪಿಲ್ಲ. ಈಗ ನಾನೇ ನಾಲ್ಕನೆಯದು. ಅವಳು ಎಲ್ಲೆಲ್ಲೋ ಹುಡುಕಿದ್ದು ದಿನಾ ಎದುರಿಗೆ ಕುಳಿತು "ಉಪ್ಪು ಕಡಿಮೆ" ಅನ್ನುತ್ತಿತ್ತು.

ಗಡಿಬಿಡಿಗೆ ನನ್ನ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದ ಟ್ಯೂಬುಗಳನ್ನೆಲ್ಲ ತಿಂಗಳ ಕೊನೆಗೆ ಸುಡುತ್ತಾರಂತೆ. ಒಪ್ಪಿದರೆ ಅವಳು ಪ್ರಕಟಿಸುತ್ತಾಳೆ. ಪ್ರಕಟಿಸಿದರೆ ಹಳೆಯ ತೀರ್ಮಾನ ಯಾಕೆ ತಪ್ಪಿತು ಎನ್ನುವುದನ್ನೂ ಹೇಳಲೇಬೇಕು. ವೈರಸ್ ವಿಜ್ಞಾನಿಯ ಮನೆಯಲ್ಲೇ ವೈರಸ್ಸು. ಜಗತ್ತೇ ಹಲ್ಲು ಬಿಡುತ್ತದೆ, ಉತ್ತರ ಕೊಡಲು ಅವಳಿಲ್ಲ.

"ನೀವು ಬೇಡ ಅಂದ್ರೆ ನಾನು ಒತ್ತಾಯ ಮಾಡಲ್ಲ ಸಾರ್. ಅವರು ನನಗೂ ತಾಯಿ ಹಾಗೇ" ಎಂದು ಹೇಳಿ ಹೋದಳು. ಛತ್ರಿ ಮರೆತು ಹೋದಳು.

ಫೆಬ್ರವರಿ ೧೬, ಭಾನುವಾರ

ಬರೆಯುವುದಿಲ್ಲ ಇವತ್ತು.

ಫೆಬ್ರವರಿ ೧೯, ಬುಧವಾರ

ಮಗಳು ಬಂದಿದ್ದಾಳೆ. ಹಲ್ಲಿನ ಡಾಕ್ಟರು, ಜನರ ಬಾಯಿ ತೆರೆಸುವುದು ಅವಳ ಕಸುಬು, ಮುಚ್ಚಿಸುವುದು ಅದಕ್ಕಿಂತ ಚೆನ್ನಾಗಿ ಬರುತ್ತದೆ. ಎಲ್ಲ ಕೇಳಿ ಮೊದಲು ನನ್ನನ್ನು ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದಳು.

"ಹಿಮ್ಮಡಿ ಊರಿ. ಈಗ ಬೆರಳ ತುದಿಯಲ್ಲಿ."

"ನಾನೇನು ಸರ್ಕಸ್ಸಿನ ಆನೆಯಾ?"

"ಅಪ್ಪ, ತಮಾಷೆ ಬೇಡ. ಕಾಲು ಭಾರ ಅನ್ಸುತ್ತಾ?"

"ನಿನ್ನ ಮುಖ ನೋಡಿದ ಮೇಲೆ ಅನ್ನಿಸ್ತಿದೆ."

ಆಮೇಲೆ ಅವಳು ತನ್ನ ರಕ್ತವನ್ನೂ ಗಡಿಬಿಡಿಗೆ ಕೊಟ್ಟು ಬಂದಳು. ನನ್ನಿಂದ ಅವಳಮ್ಮನಿಗೆ, ಅವಳಮ್ಮನಿಂದ ಅವಳಿಗೆ ದಾಟಿದ್ದರೆ? ತಾನೂ ಮಗುವಿಗೆ ಹಾಲು ಕೊಟ್ಟವಳಲ್ಲವೆ. ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ತಟ್ಟೆ ಮುಚ್ಚಿಟ್ಟೆ.

ಒಪ್ಪಿಗೆಯ ಮಾತಿಗೆ ಮಾತ್ರ ಖಡಾಖಂಡಿತವಾಗಿ ಬೇಡ ಅಂದಳು. "ಅಮ್ಮನ ಹೆಸರು ಕೇಳಿದ್ರೆ ಜನ ಎದ್ದು ನಿಲ್ತಾರೆ ಅಪ್ಪ. ನಾಳೆ ಅದೇ ಜನ, ಗಂಡನನ್ನೇ ಪರೀಕ್ಷೆ ಮಾಡದ ವಿಜ್ಞಾನಿ ಅಂತಾರೆ. ಸಭೆ ಸಭೇಲಿ ಇದೇ ಜೋಕು. ಬೇಕಾದ್ರೆ 'ಒಬ್ಬ ಆರೋಗ್ಯವಂತ ದಾನಿ' ಅಂತ ಬರ್ಕೊಳ್ಳಿ, ಯಾರು ಅಂತ ಯಾಕೆ ಹೇಳ್ಬೇಕು?"

ಅದು ಸರಿ ಅನ್ನಿಸಿತು. ಗಡಿಬಿಡಿಗೆ ಫೋನು ಮಾಡಿ ಹಾಗೇ ಕೇಳಿದೆ.

"ಆಗುತ್ತೆ ಸಾರ್. ಆದ್ರೆ ಆ ದಾನಿ ಆ ರೋಗಿಯ ಮಗ ಅನ್ನೋದನ್ನ ಮುಚ್ಚಿಟ್ರೆ, ಇದು ತಾಯಿಯಿಂದ ಮಗುವಿಗೆ ಬರುತ್ತೆ ಅನ್ನೋದಕ್ಕೆ ನನ್ನ ಹತ್ರ ಇರೋ ಗಟ್ಟಿ ಸಾಕ್ಷಿಯೇ ಹೋಗುತ್ತೆ. ಈಗ್ಲೂ ಎಷ್ಟೋ ಜನ ಅಮ್ಮಂದಿರಿಗೆ ಡಾಕ್ಟರು 'ವಯಸ್ಸಾಯ್ತು' ಅಂತಾನೇ ಹೇಳ್ತಿದ್ದಾರೆ."

ಫೆಬ್ರವರಿ ೨೪, ಸೋಮವಾರ

ಮಗಳಿಗೆ ಇಲ್ಲ! ಅವಳ ತಾಯಿಗೂ ಇರಲಿಲ್ಲ. ಅವಳ ಟ್ಯೂಬೂ ಅದೇ ಫ್ರೀಜರಿನಲ್ಲಿತ್ತು, ಅದನ್ನೂ ಓದಿಸಿದರು. ಹಾಗಾದರೆ ಈ ಸಾಲು ನನ್ನಲ್ಲಿಗೆ ನಿಂತಿತು. ಮಗಳು ಫೋನು ಇಟ್ಟು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಪಾತ್ರೆ ತೊಳೆದಳು. ತೊಳೆಯಲು ಇದ್ದದ್ದು ಒಂದೇ ಲೋಟ.

ಮಧ್ಯಾಹ್ನ ಇಬ್ಬರೂ ಮೇಜಿನ ಮುಂದೆ ಕುಳಿತು ಊಟ ಮಾಡಿದೆವು. ಆಮೇಲೆ ನಾನು ಅವಳಿಗೆ ನಮ್ಮ ಕಚೇರಿಯ ತೂಕದ ಬಟ್ಟಿನ ಕತೆ ಹೇಳಿದೆ.

ಕಚೇರಿಯಲ್ಲಿ ಮಖಮಲ್ಲಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ಒಂದು ಕಿಲೋ ಬಟ್ಟು ಇತ್ತು. ಊರಿನ ತೂಕದ ಬಟ್ಟುಗಳೆಲ್ಲ ಅದರ ಮುಂದೆ ನಿಂತು ಪಾಸಾಗಬೇಕು. ನಮ್ಮ ಹೆಡ್ ಗುಮಾಸ್ತರಿಗೆ ಅದರ ಮೇಲೆ ಮಗುವಿನಂಥ ಪ್ರೀತಿ. ದಿನಾ ಬೆಳಿಗ್ಗೆ ಬಂದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಫಳಫಳ ಮಾಡಿ ಒಳಗಿಡುವರು. ಒಂದು ವರ್ಷ ದೊಡ್ಡ ಪ್ರಯೋಗಾಲಯದಿಂದ ಬಂದವರು ತೂಗಿ ನೋಡಿದರೆ, ಕಡಿಮೆ! ಒರೆಸಿ ಒರೆಸಿ ಸವೆದುಹೋಗಿತ್ತು. ಅಂದರೆ ಅಷ್ಟು ವರ್ಷ ನಾವು ಸರಿ ಎಂದು ಮುದ್ರೆ ಒತ್ತಿದ್ದೆಲ್ಲ ಕೂದಲೆಳೆಯಷ್ಟು ತಪ್ಪು. ನಾವೆಲ್ಲ ಮುಚ್ಚಿಡೋಣ ಅಂದೆವು. ಮೇಲಿನ ಸಾಹೇಬರು ಕೇಳಲಿಲ್ಲ. ಕಚೇರಿಯ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆಸಿ ತೂಗುಹಾಕಿದರು: ನಮ್ಮ ಬಟ್ಟಿನ ತೂಕವೇ ತಪ್ಪಾಗಿತ್ತು, ಎಲ್ಲರೂ ಮತ್ತೆ ಬನ್ನಿ. ಅಂಗಡಿಯವರು ಒಂದು ವಾರ ನಮ್ಮನ್ನು ಕಂಡಲ್ಲೆಲ್ಲ ಕೆಮ್ಮಿ ಕೆಮ್ಮಿ ನಕ್ಕರು. ಆಮೇಲೆ ಒಬ್ಬರೂ ನಮ್ಮ ಮುದ್ರೆಯ ಮೇಲೆ ಜಗಳ ತೆಗೆಯಲಿಲ್ಲ.

"ಗುಮಾಸ್ತರು ಏನಾದ್ರು?" ಎಂದು ಕೇಳಿದಳು.

"ಏನೂ ಆಗಲಿಲ್ಲ. ಹೊಸ ಬಟ್ಟನ್ನ ಮುಟ್ಟಬಾರದು ಅಂತ ಅಪ್ಪಣೆ ಆಯ್ತು. ಪೆಟ್ಟಿಗೆ ಮಾತ್ರ ಒರೆಸ್ತಿದ್ರು, ಪಾಪ."

ಅವಳು ನಗಲಿಲ್ಲ. "ಕತೆ ಹೇಳಿ ನನ್ನ ಬಾಯಿ ಮುಚ್ಚಿಸ್ಬೇಡಿ ಅಪ್ಪ" ಅಂದಳು. ಆದರೂ ಇನ್ನೊಂದು ತುತ್ತು ನನ್ನ ತಟ್ಟೆಗೆ ಬಡಿಸಿದಳು.

ಫೆಬ್ರವರಿ ೨೭, ಗುರುವಾರ

ಇವತ್ತು ನೋಡಿದ್ದನ್ನು ಹೇಗೆ ಬರೆಯಲಿ?

ಮಗಳೂ ನಾನೂ ಲ್ಯಾಬಿಗೆ ಹೋದೆವು. ಒಪ್ಪುವುದಕ್ಕೋ ಬಿಡುವುದಕ್ಕೋ ಇಬ್ಬರಿಗೂ ಗೊತ್ತಿರಲಿಲ್ಲ. ಗಡಿಬಿಡಿ ಮೊದಲು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಮೊನ್ನೆಯ ನನ್ನ ರಕ್ತದ ಬಿಳಿ ಕಣಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸಿದ್ದಳು. ಕಣ್ಣಿಟ್ಟೆ. ಕತ್ತಲೆಯಲ್ಲಿ ದುಂಡನೆಯ ದೀಪಗಳು. ಒಂದಕ್ಕೊಂದು ಒತ್ತಿಕೊಂಡು ಗುಂಪಾಗಿ ಕುಳಿತಿವೆ, ಹೊಳೆಯುತ್ತಿವೆ. ಒಂದು ನಡುವಿನಲ್ಲಿ ಸಣ್ಣಗಾಗಿ ಎರಡಾಗುವುದರಲ್ಲಿತ್ತು. ಅದು ನಾನು. ಇಲ್ಲಿ ಸ್ಟೂಲಿನ ಮೇಲೆ ಕುಳಿತು ನೋಡುತ್ತಿರುವವನೂ ನಾನು.

"ವೈರಸ್ಸೆಲ್ಲಿ?" ಎಂದೆ.

"ಕಾಣಲ್ಲ ಸಾರ್. ಇವುಗಳಲ್ಲಿ ಕೆಲವದರ ಒಳಗೆ, ನಿಮ್ಮ ಬರಹದ ಮಧ್ಯೆ ತನ್ನ ನಾಲ್ಕು ಸಾಲು ಸೇರಿಸ್ಕೊಂಡು ಸುಮ್ಮನೆ ಕೂತಿದೆ."

ಆಮೇಲೆ ಪರದೆಯ ಮೇಲೆ ಆ ಸಾಲುಗಳನ್ನು ತೋರಿಸಿದಳು. ನಾಲ್ಕೇ ಅಕ್ಷರಗಳು, ಬೇರೆಬೇರೆ ಬಣ್ಣದಲ್ಲಿ, ಹಿಂದೆ ಮುಂದೆ ಆಗುತ್ತ ಹರಿಯುತ್ತಲೇ ಇದ್ದವು. ಮೇಲಿನ ಸಾಲು ಅಮ್ಮನಲ್ಲಿದ್ದ ವೈರಸ್ಸಿನದು. ಕೆಳಗಿನದು ನನ್ನಲ್ಲಿರುವುದರದು. ನಾನು ಬಟ್ಟುಗಳನ್ನು ಹೋಲಿಸಿದ ಕಣ್ಣಿನಲ್ಲೇ ಹೋಲಿಸುತ್ತ ಹೋದೆ. ಒಂದೇ, ಒಂದೇ, ಒಂದೇ. ಬಹಳ ದೂರ ಹೋದ ಮೇಲೆ ಒಂದು ಕಡೆ ಒಂದು ಅಕ್ಷರ ಬೇರೆ.

"ಅಷ್ಟೇ ಬದಲಾವಣೆ. ಒಂದು ಜೀವಮಾನಕ್ಕೆ ಅಷ್ಟೇ" ಅಂದಳು. "ನಿಮ್ಮ ತಾಯಿಗೆ ಅವರ ತಾಯಿಯಿಂದ, ಅವರಿಗೆ ಅವರ ತಾಯಿಯಿಂದ ಬಂದಿರ್ಬೇಕು. ಹಿಂದೆ ಹಿಂದೆ ಹೋದ್ರೆ ಎಲ್ಲೋ ಒಂದು ಕಾಡು, ಒಂದು ಮಂಗ, ಒಂದು ಕಡಿತ. ಎಷ್ಟು ಸಾವಿರ ವರ್ಷವೋ."

ಕಾಲೇಜಿನಲ್ಲಿ ಮೇಷ್ಟ್ರು "ಸಬ್ಲೈಮ್" ಎನ್ನುವ ಪದಕ್ಕೆ ಒಂದು ಪೂರ್ತಿ ಪೀರಿಯಡ್ ತೆಗೆದುಕೊಂಡಿದ್ದರು. ಬೆಟ್ಟ, ಸಮುದ್ರ, ಸಿಡಿಲು, ಏನೇನೋ. ಹೆದರಿಕೆಯೂ ಸಂತೋಷವೂ ಒಟ್ಟಿಗೆ ಬಂದು ಮನುಷ್ಯ ಸಣ್ಣವನಾಗಬೇಕು ಎಂದಿದ್ದರು. ನಾನು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಇವತ್ತು ಅರ್ಥವಾಯಿತು, ಸ್ಟೂಲಿನ ಮೇಲೆ. ಅಮ್ಮನದು ಎನ್ನುವಂಥದ್ದು ನನ್ನ ಹತ್ತಿರ ಒಂದು ಫೋಟೋ ಬಿಟ್ಟರೆ ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಅವಳು ತನ್ನ ಹಾಲಿನಲ್ಲಿ ಇಳಿಸಿದ್ದು ಇನ್ನೂ ನನ್ನೊಳಗೆ ಜೀವಂತವಾಗಿದೆ. ಅವಳ ಕಾಲನ್ನು ತಿಂದದ್ದೂ ಅದೇ. ನನ್ನನ್ನು ಇದುವರೆಗೆ ಬಿಟ್ಟದ್ದೂ ಅದೇ. ಕೋಪ ಮಾಡಿಕೊಳ್ಳಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

ಯಾಕೆ ಬಿಟ್ಟಿದೆ? ಅದೇ ದೊಡ್ಡ ಪ್ರಶ್ನೆಯಂತೆ. ಇಷ್ಟು ವರ್ಷದ ಒಂದೊಂದು ಹುಟ್ಟುಹಬ್ಬದ ಟ್ಯೂಬಿನಲ್ಲೂ ಅದರ ಪ್ರಮಾಣ ಒಂದೇ ಸಮ, ಕಡಿಮೆ, ಏರಿಲ್ಲ, ಇಳಿದಿಲ್ಲ. ನನ್ನ ಮೈ ಅದನ್ನು ಹೇಗೋ ಮಲಗಿಸಿಟ್ಟಿದೆ. ಹೇಗೆ ಎಂದು ಕಂಡುಕೊಂಡರೆ ಬೇರೆಯವರ ಕಾಲು ಉಳಿಯಬಹುದು. ಒಬ್ಬನೇ ಮನುಷ್ಯನಿಂದ ಇಷ್ಟು ದೀರ್ಘಕಾಲ, ವರ್ಷ ತಪ್ಪದೆ ತೆಗೆದಿಟ್ಟ ರಕ್ತ ಸಿಗುವುದು ಬಹಳ ಅಪರೂಪ ಎಂದಳು ಗಡಿಬಿಡಿ. ಇದು ನನ್ನ ಹೆಂಡತಿ ಯೋಜನೆ ಹಾಕಿ ಮಾಡಿದ್ದಲ್ಲ. ಗಂಡನನ್ನು ವರ್ಷಕ್ಕೊಮ್ಮೆ ಚುಚ್ಚುವ ತಮಾಷೆಗೆ ಮಾಡಿದ್ದು.

ಆಗ ಮಗಳು ಕೇಳಿದಳು. ನಾನು ಕೇಳಬೇಕೆಂದಿದ್ದು, ಧೈರ್ಯವಾಗದೆ ಬಿಟ್ಟದ್ದು.

"ಅಮ್ಮನಿಗೆ ಯಾವತ್ತೂ ಅನುಮಾನ ಬರಲೇ ಇಲ್ವಾ?"

ಗಡಿಬಿಡಿ ಕೈಗವಸು ಕಳಚಿದಳು. "ಮೇಡಂಗೆ ಅನುಮಾನವಾ? ಮೇಡಂ ಎಲ್ಲಾನೂ ಅನುಮಾನಿಸಿದ್ರಮ್ಮ. ಆ ಗೆರೆ ಬಂದಾಗ ನೀರು ಬದಲಾಯಿಸಿದ್ರು. ರಾಸಾಯನಿಕ ಬದಲಾಯಿಸಿದ್ರು. ಫಿಲ್ಮು, ಗಾಜು, ಕೊನೆಗೆ ನನ್ನ ಕೈ. ಎಲ್ಲೋ ನೀನೇ ಬೆರೆಸಿದ್ದೀಯ ಅಂತ ನನ್ನನ್ನ ವಾರಗಟ್ಟಲೆ ಕೋಣೆಯಿಂದ ಹೊರಗಿಟ್ಟಿದ್ರು. ತಮ್ಮ ಕೈಯನ್ನೂ ನಂಬದೆ ಬೇರೆಯವರ ಕೈಯಲ್ಲಿ ಮಾಡಿಸಿದ್ರು. ಒಂದನ್ನ ಮಾತ್ರ ಅನುಮಾನಿಸಲಿಲ್ಲ."

ಫ್ರೀಜರು ಗುರುಗುಟ್ಟುತ್ತಿತ್ತು.

ಮಗಳು ನನ್ನ ಕಡೆ ನೋಡಿದಳು. ಆಮೇಲೆ ತನ್ನ ಚೀಲದಿಂದ ಪೆನ್ನು ತೆಗೆದು ನನ್ನ ಮುಂದೆ ಇಟ್ಟಳು.

"ಒಂದು ಮಾತು" ಎಂದೆ ಗಡಿಬಿಡಿಗೆ. "ಮುಚ್ಚುಮರೆ ಬೇಡ. ರೋಗಿ ಅವಳ ಅತ್ತೆ, ಆರೋಗ್ಯವಂತ ಎಂದು ಇಟ್ಟುಕೊಂಡದ್ದು ಅವಳ ಗಂಡ ಎಂದೇ ಬರಿ. ಅತ್ತೆಗೆ ಹುಡುಕ್ತೀನಿ ಅಂತ ಮಾತು ಕೊಟ್ಟಿದ್ದಳು, ಹುಡುಕಿದ್ದಳು ಅಂತ ಬರಿ. ನಗೋರು ನಗಲಿ. ಒಂದು ವಾರ ನಗ್ತಾರೆ, ನನಗೆ ಗೊತ್ತು."

ಸಹಿ ಹಾಕಿದ್ದಾಯಿತು, ಇನ್ನು ಟ್ಯೂಬುಗಳ ಜೊತೆ ಫ್ರೀಜರೂ ಹೊಸ ಕಟ್ಟಡಕ್ಕೆ ಹೋಗುತ್ತದಂತೆ. ಬರುವಾಗ ನಮ್ಮ ಫ್ರೀಜರನ್ನು ಅಲ್ಲಿ ಎಲ್ಲಿಡುತ್ತಾರೆ ಎಂದು ವಿಚಾರಿಸಿ, ಗೋಡೆಯ ಅಳತೆ ಹಿಡಿದು ಬಂದೆ. ಬಾಗಿಲು ಪೂರ್ತಿ ತೆರೆಯಲು ಒಂದು ಗೇಣು ಜಾಗ ಕಡಿಮೆ ಇತ್ತು. ಹೇಳಿದೆ. ಬದಲಾಯಿಸುತ್ತಾರಂತೆ.

ಮಾರ್ಚ್ ೨, ಭಾನುವಾರ

ನನ್ನ ಹುಟ್ಟುಹಬ್ಬ. ಹೋದ ವರ್ಷ ಈ ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಹಾಸಿಗೆಯಿಂದಲೇ ನರ್ಸನ್ನು ಕರೆಸಿ ನನ್ನ ತೋಳು ಚುಚ್ಚಿಸಿದಳು. ಹೃದಯ ಸೋಲುತ್ತಿದ್ದರೂ ಕಂದಾಯ ಬಿಡಲಿಲ್ಲ.

ಈ ಸಲ ಮನೆ ತುಂಬಾ ಗದ್ದಲ. ಮಗಳು ಮೇಜಿಗೆ ಬಟ್ಟೆ ಹಾಸಿದ್ದಳು. ಗಡಿಬಿಡಿ ಬಂದಳು, ಮೊನ್ನೆ ಮರೆತ ಛತ್ರಿ ಒಯ್ಯಲು ಬಂದವಳು ಇನ್ನೊಂದನ್ನು ತಂದು ಅದರ ಪಕ್ಕದಲ್ಲಿಟ್ಟಳು. ಎರಡೂ ಇಲ್ಲೇ ಉಳಿಯುತ್ತವೆ, ನೋಡುತ್ತಿರು. ಊಟದ ಹೊತ್ತಿಗೆ ಮಗಳು ಮತ್ತೆ ನನ್ನನ್ನು ಹಜಾರದಲ್ಲಿ ನಡೆಸಿದಳು. ಬೆರಳ ತುದಿಯಲ್ಲಿ ನಡೆದೆ, ತಿರುಗಿ ಒಂದು ಸಲಾಮು ಹೊಡೆದೆ. "ಸರ್ಕಸ್ಸಿನ ಆನೆಗೆ ವಯಸ್ಸಾಗಿಲ್ಲ" ಅಂದಳು ಗಡಿಬಿಡಿ. ನಾಳೆ ಆಗಬಹುದು, ಆಗದೆಯೂ ಇರಬಹುದು. ಅವರ ಹತ್ತಿರವೂ ಉತ್ತರವಿಲ್ಲ, ನನ್ನ ಹತ್ತಿರವೂ ಇಲ್ಲ. ಇರುವುದು ನನ್ನೊಳಗೆ ಕೂತಿರುವುದರ ಹತ್ತಿರ. ಅದನ್ನು ಮಾತಾಡಿಸಬೇಕು, ಅಷ್ಟೆ.

ಸಂಜೆ ಸೂಜಿಯ ಹೊತ್ತು. ಬೆಳಕು ಚೆನ್ನಾಗಿರುವ ಕಡೆ ಕೂರಬೇಕು ಎಂದಳು ಗಡಿಬಿಡಿ. ಪಶ್ಚಿಮದ ಕಿಟಕಿಯ ಬಳಿ ಅವಳ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದೆ. ನರ ಒಂದೇ ಸಲಕ್ಕೆ ಸಿಕ್ಕಿತು. ರಕ್ತ ಟ್ಯೂಬಿಗೆ ಇಳಿಯುವುದನ್ನು ಈ ಸಲ ಮುಖ ತಿರುಗಿಸದೆ ನೋಡಿದೆ. ಕಡುಗೆಂಪು, ಸೂರ್ಯನಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಬಣ್ಣ. ಅದರಲ್ಲಿ ಅಮ್ಮನಿದ್ದಾಳೆ, ಅವಳಮ್ಮನಿದ್ದಾಳೆ, ಯಾವುದೋ ಕಾಡಿದೆ. ಅದನ್ನೆಲ್ಲ ತುಂಬಿಕೊಂಡು ನಾನು ದಿನಾ ಹಾಲು ತರಲು ಹೋಗುತ್ತಿದ್ದೆನಲ್ಲ!

ಗಡಿಬಿಡಿ ಲೇಬಲ್ಲು ಅಂಟಿಸಿ ಪೆನ್ನು ಹಿಡಿದು ನಿಂತುಬಿಟ್ಟಳು. "ಸಾರ್, ಏನಂತ ಬರೀಲಿ? ಆರೋಗ್ಯವಂತ ಅಂತ ಇನ್ನು ಬರೆಯೋ ಹಾಗಿಲ್ಲ. ರೋಗಿ ಅಂತ ಬರೆಯೋಕೂ ಆಗಲ್ಲ."

"ಎರಡೂ ಬೇಡ" ಎಂದೆ. "ಅವಳು ಬರೀತಿದ್ದದ್ದೇ ಬರಿ."

ಅವಳು ಬರೆದಳು. "ಮನೆಯವರು." ಕೆಳಗೆ ಇಸವಿ. ಅಕ್ಷರ ಕೂಡ ಗುರುವಿನದೇ ಹೋಲಿಕೆ, ಕೊಂಬು ಸ್ವಲ್ಪ ಉದ್ದ.

ಇಬ್ಬರೂ ಹೊರಟ ಮೇಲೆ ಇಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅತ್ತೆಗೆ ಕೊಟ್ಟ ಮಾತು ನೀನು ಉಳಿಸಿಕೊಂಡೆ ಕಣೇ. ಎಂದೋ ಉಳಿಸಿಕೊಂಡಿದ್ದೆ, ನಿನಗೇ ತಿಳಿಯಲಿಲ್ಲ. ಜಗತ್ತನ್ನೆಲ್ಲ ತೂಗಿ ನೋಡಿದವಳು ನನ್ನೊಬ್ಬನನ್ನು ತೂಗದೆಯೇ ಸರಿ ಅಂದುಕೊಂಡೆ. ಅರ್ಧಕ್ಕೆ ತುಸು ಕಡಿಮೆ ಎಂದು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕಬೇಕು. ಪುಟ ಹಿಂದಕ್ಕೆ ತಿರುಗಿಸಿ ಹುಡುಕುತ್ತಿದ್ದೇನೆ, ಆ ಸಾಲು ಸಿಗುತ್ತಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲು ಆಗಲೇ ಎದುರಿನ ಗೋಡೆಯ ಮೇಲಕ್ಕೆ ಏರಿದೆ, ಅಕ್ಷರಗಳು ಒಂದರೊಳಗೊಂದು ಸೇರುತ್ತಿವೆ. ಬೆಳಕು ಹೋಗುತ್ತಿದೆ.